ಸರ್ ಇದ್ದ ಜಾಗ

ಮೂರು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸೋಮವಾರ, ಕುಷ್ಟಗಿ ತಾಲ್ಲೂಕಿನ ಪದವಿ ಕಾಲೇಜೊಂದಕ್ಕೆ ನಾನು ರಾಜ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿ ಹಾಜರಾದೆ. ಅದೇ ಮಧ್ಯಾಹ್ನ ಆ ವಿಷಯ ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕರನ್ನು ಬಿಡುಗಡೆ ಮಾಡಲಾಯಿತು. ಅವರು ನನ್ನ ಗುರುಗಳು.

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಚರ್ಮ ಬಿರುಕು ಬಿಟ್ಟಿತ್ತು. ಸೀಮೆಸುಣ್ಣದ ಪುಡಿ ಒಳಗೆ ಕೂತು ಬಿಳಿ ಗೆರೆಗಳಾಗಿದ್ದವು. ತೊಳೆದರೂ ಹೋಗುತ್ತಿರಲಿಲ್ಲ. ಅಲ್ಲಿ ಅವರು ಹದಿನಾಲ್ಕು ವರ್ಷ ಪಾಠ ಮಾಡಿದ್ದರು. ಅತಿಥಿ ಉಪನ್ಯಾಸಕರ ನೇಮಕ ಒಂದೊಂದೇ ವರ್ಷದ್ದು. ಖಾಯಂ ಆದವರು ಬಂದರೆ ತರಗತಿಗಳು ಬಂದವರ ಪಾಲಾಗುತ್ತವೆ, ಇದ್ದವರು ಏಳಬೇಕು.

ನಾನು ಅದೇ ಕಾಲೇಜಿನಲ್ಲಿ ಬಿ.ಎ. ಓದುವಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ್ದ: "ಸರ್, ನಿಮಗ ನೌಕರಿ ಹತ್ತೂದು ಯಾವಾಗ್ರಿ?"

"ಮತ್ತ ಈಗೇನು ದನಾ ಕಾಯಾಕತ್ತೀನೇನಲೇ?" ಎಂದರು ಸರ್. ಒಮ್ಮೆ ಇಡೀ ತರಗತಿಯ ಮೇಲೆ ಕಣ್ಣಾಡಿಸಿ, "ಹೌದ ಬಿಡು, ನಿಮ್ಮನ್ನ ನೋಡಿದ್ರ ಹಂಗ ಅನಸ್ತೈತಿ" ಎಂದರು. ನಾವು ನಕ್ಕೆವು. ಅವರೂ ನಕ್ಕರು.

ಭಾನುವಾರ ಬೆಳಿಗ್ಗೆ, ಸರ್ಕಾರಿ ಪರೀಕ್ಷೆಗಳಿಗೆ ಓದುವವರನ್ನು ಖಾಲಿ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದರು. ಫೀಸು ಇರಲಿಲ್ಲ. ಯಾರಾದರೂ ಸಂದರ್ಶನಕ್ಕೆ ಹೋದರೆ, ಅವರು ತಿರುಗಿ ಬರುವ ಹೊತ್ತಿಗೆ ಸರ್ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಉದ್ದನೆಯ ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದರು. ಒಳಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಬರೆದುಕೊಡಬೇಕಿತ್ತು.

"ಮೊದಲ ಬರಿ, ಆಮ್ಯಾಲೆ ಚಾ. ನಿನಗ ಕೇಳಿದ್ದು ನಿನ್ನೊಬ್ಬನ ಆಸ್ತಿ ಅಲ್ಲ" ಎನ್ನುತ್ತಿದ್ದರು.

ಅವರಿಗೆ ವಯೋಮಿತಿ ದಾಟಿತ್ತು. ಯಾವ ಹುದ್ದೆಗೂ ಅರ್ಜಿ ಹಾಕುವಂತಿರಲಿಲ್ಲ. ಆದರೂ ನಾವು ಬರೆದ ಪ್ರತಿ ಪ್ರಶ್ನೆಗೂ ತಾವೇ ಉತ್ತರ ಹೇಳಿ, "ಸರಿ ಐತಿಲ್ಲ?" ಎಂದು ನಮ್ಮ ಮುಖ ನೋಡುತ್ತಿದ್ದರು.

ನಾನು ಸಹಾಯಕ ಪ್ರಾಧ್ಯಾಪಕರ ಪರೀಕ್ಷೆಗೆ ಅರ್ಜಿ ಹಾಕಿದಾಗ, ನಮ್ಮ ಭಾಗದವರಿಗೆ ಸಿಗುವ ಮೀಸಲಾತಿಯ ಪ್ರಮಾಣಪತ್ರ ನನ್ನ ಬಳಿ ಇರಲಿಲ್ಲ. ಕೊನೆಯ ದಿನಕ್ಕೆ ಒಂದು ವಾರವಿತ್ತು. ಸರ್ ನನ್ನ ಜೊತೆ ಮೂರು ದಿನ ಕಚೇರಿ ಅಲೆದರು. ಹನುಮಸಾಗರದ ನಮ್ಮ ಹಳೆಯ ಶಾಲೆಗೆ ಹೋಗಿ ದಾಖಲೆ ತೆಗೆಸಿದವರೂ ಅವರೇ. ನಾನು ಆಯ್ಕೆಯಾದದ್ದು ಆ ಮೀಸಲಾತಿಯಲ್ಲಿ.

ಆಯ್ಕೆಯಾದವರಿಗೆ ಕಾಲೇಜು ಹಂಚುವ ಕೌನ್ಸೆಲಿಂಗ್ ಬೆಂಗಳೂರಿನಲ್ಲಿ ನಡೆಯಿತು. ನನ್ನ ಸರದಿ ಹತ್ತಿರ ಬಂದಾಗ ಕೊಪ್ಪಳ ಜಿಲ್ಲೆಯಲ್ಲಿ ನಮ್ಮ ವಿಷಯದ ಎರಡು ಹುದ್ದೆಗಳು ಉಳಿದಿದ್ದವು. ಒಂದು ಯಲಬುರ್ಗಾ ತಾಲ್ಲೂಕಿನಲ್ಲಿ. ಅಲ್ಲಿದ್ದ ಪ್ರಾಧ್ಯಾಪಕರು ಆಗಷ್ಟೇ ನಿವೃತ್ತರಾಗಿದ್ದರು, ನಾನು ಹೋದರೆ ಯಾರೂ ಏಳಬೇಕಿರಲಿಲ್ಲ. ಇನ್ನೊಂದು ನಮ್ಮ ಮನೆಗೆ ಹತ್ತಿರದ್ದು, ಸರ್ ಇದ್ದ ಜಾಗ. ಹೊರಗೆ ಬಂದು ಫೋನ್ ಮಾಡಿದೆ.

"ಸರ್, ಎರಡು ಅದಾವ್ರಿ. ಒಂದು ಯಲಬುರ್ಗಾ ಕಡೆ, ಇನ್ನೊಂದು..."

"ಗೊತ್ತೈತಿ ಬಿಡು. ಕೂಸಿಗೆ ಎಷ್ಟು ತಿಂಗಳಾತು?"

"ಹತ್ತು ತಿಂಗಳ್ರಿ."

"ಮತ್ತ ಕೇಳೂದೇನೈತಿ ತಂಗಿ? ಮನಿ ಮುಂದಿಂದ ತೊಗೋ."

"ನಿಮ್ಮದ್ ಹೆಂಗ್ರಿ ಸರ್?"

"ನೀ ಬಿಟ್ರ ಇನ್ನೊಬ್ಬರು ತೊಗೊಂತಾರ. ಬ್ಯಾರೇದವರು ಬರೂಕಿಂತ ನೀ ಬರೂದು ಛಲೋ."

ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ನಮ್ಮ ಮನೆಯಿಂದ ಯಲಬುರ್ಗಾ ಕಡೆಯ ಆ ಕಾಲೇಜಿಗೆ ಒಂದೂವರೆ ತಾಸಿನ ಹಾದಿ, ನಡುವೆ ಒಮ್ಮೆ ಬಸ್ಸು ಬದಲಿಸಬೇಕು. ಅಷ್ಟೇ. ನನ್ನ ನಂತರ ಒಳಗೆ ಹೋದವರಲ್ಲಿ ಯಾರೂ ಕೊಪ್ಪಳ ಜಿಲ್ಲೆಯನ್ನು ಕೇಳಲಿಲ್ಲ ಎಂಬುದು ಸಂಜೆ ಪಟ್ಟಿ ನೋಡಿದಾಗ ತಿಳಿಯಿತು. ನಾನು ಯಲಬುರ್ಗಾ ಬರೆದಿದ್ದರೆ ಸರ್ ತಮ್ಮ ಜಾಗದಲ್ಲೇ ಇರುತ್ತಿದ್ದರು.

ಹಾಜರಾದ ದಿನ ಕಾಲೇಜಿನ ಕಾರಿಡಾರಿನಲ್ಲಿ ಸರ್ ಎದುರು ಬಂದರು. "ಬರ್ರಿ ಮೇಡಂ" ಎಂದರು.

"ಹಂಗ ಅನಬ್ಯಾಡ್ರಿ ಸರ್."

ದನಿ ತಗ್ಗಿಸಿ ಹೇಳಿದರು: "ಹುಡುಗ್ರು ನಿಂತಾರ. ಮೊದಲನೇ ದಿನ ಹಗುರ ಆಗಬಾರ್ದು ನೀ."

ಹಾಜರಿ ಪುಸ್ತಕ, ಆಂತರಿಕ ಅಂಕಗಳ ಹಾಳೆ, ಯಾವ ತರಗತಿಗೆ ಎಲ್ಲಿಯವರೆಗೆ ಪಾಠ ಆಗಿದೆ ಎಂಬ ಚೀಟಿ, ಎಲ್ಲವನ್ನೂ ಮೇಜಿನ ಮೇಲೆ ಇಟ್ಟರು. ಬೆಳಗಿನ ಒಂದು ತರಗತಿ ಆಗಲೇ ತೆಗೆದುಕೊಂಡಿದ್ದರು. ಅದಕ್ಕೆ ಸಹಿ ಹಾಕಿ, ಊಟದ ಡಬ್ಬಿ ತೆರೆಯದೆ ಹೊರಟರು. ಬೇರೆ ಕಾಲೇಜುಗಳ ಆ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ಮುಗಿದಿತ್ತು. ಯಲಬುರ್ಗಾ ಕಡೆಯ ತರಗತಿಗಳನ್ನೂ ಪಟ್ಟಿಯಲ್ಲಿದ್ದ ಬೇರೊಬ್ಬರಿಗೆ ಕೊಟ್ಟಾಗಿತ್ತು. ದಸರಾ ಹೊತ್ತಿಗೆ ಅವರು ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಸೇರಿದರೆಂದು ಕೇಳಿದೆ.

ಎರಡು ವರ್ಷಕ್ಕೂ ಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಈ ವರ್ಷ ಯಲಬುರ್ಗಾ ಕಡೆಯ ಕಾಲೇಜಿನಲ್ಲಿ ತರಗತಿಗಳು ಮತ್ತೆ ಖಾಲಿಯಾದವು. ಅಲ್ಲಿದ್ದ ಅತಿಥಿ ಉಪನ್ಯಾಸಕರು ಬೇರೆ ಕೆಲಸ ಸಿಕ್ಕು ಹೋಗಿದ್ದರು. ಅರ್ಜಿ ಕರೆದ ಮರುದಿನ ಗಂಗಾವತಿಗೆ ಹೋದೆ. ಭತ್ತದ ಲಾರಿ ತೂಗುವ ಕಾಟಾದ ಪಕ್ಕದ ಸಣ್ಣ ಕೋಣೆಯಲ್ಲಿ ಸರ್ ಕೂತಿದ್ದರು. ಪ್ರಕಟಣೆಯನ್ನು ನನ್ನ ಫೋನಿನಲ್ಲಿ ತೋರಿಸಿದೆ. ಪರದೆಯ ಮೇಲೆ ಬಿದ್ದ ತೌಡಿನ ಧೂಳನ್ನು ಒರೆಸಿ ಕೊನೆಯ ಸಾಲಿನವರೆಗೂ ಓದಿದರು.

"ಅರ್ಜಿ ನಾನ ತುಂಬತೀನ್ರಿ ಸರ್. ನೀವು ಹ್ಞೂಂ ಅನ್ರಿ, ಸಾಕು."

"ಬ್ಯಾಡ ತಂಗಿ. ಮತ್ತ ಯಾರರ ಖಾಯಂ ಆದವರು ಬರತಾರ, ಮತ್ತ ಏಳಬೇಕು. ಅವತ್ತು ಎದ್ದಿದ್ದು ಸಾಕಾಗೈತಿ."

"ಅವತ್ತು ಬ್ಯಾಡ ಅಂದಿದ್ರ ನಾ ಬರತಿರಲಿಲ್ರಿ."

"ಬ್ಯಾಡ ಅನ್ನಲಿ ಅಂತ ಕೇಳಿದ್ದೇನು ನೀ?" ಎಂದರು. ಸಿಟ್ಟಿನ ದನಿಯಲ್ಲ.

ಲಾರಿ ಬಂತು. ಅವರು ಎದ್ದು ಹೊರಗೆ ಹೋದರು.

ಅರ್ಜಿ ಸಲ್ಲಿಸುವ ಅವಧಿ ಕಳೆದ ಶುಕ್ರವಾರ ಮುಗಿಯಿತು. ಅರ್ಜಿ ಹಾಕಿದವರಲ್ಲಿ ಸರ್ ಇಲ್ಲ. ಯಲಬುರ್ಗಾ ತಾಲ್ಲೂಕಿನ ಆ ಖಾಯಂ ಹುದ್ದೆ ಈವರೆಗೆ ಭರ್ತಿಯಾಗಿಲ್ಲ.