ಕಲ್ಲಿಗೆ ಕಲ್ಲು ಕಚ್ಚಿಸುವ ಇನ್ನಾಸಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕನಕಪುರ ತಾಲ್ಲೂಕಿನ ಪುಟ್ಟ ಕ್ರೈಸ್ತ ಹಳ್ಳಿಯೊಂದರ ಸಮಾಧಿ ತೋಟದಲ್ಲಿ ಆಗಲೇ ಸುತ್ತಿಗೆಯ ಸದ್ದು. ಬಿದ್ದ ಗೋಡೆಯ ಸಂದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತ ಇನ್ನಾಸಪ್ಪ ಉದ್ದನೆಯ ಕಲ್ಲೊಂದರ ಮೂಲೆ ತಟ್ಟುತ್ತಿದ್ದಾರೆ. ತಟ್ಟುತ್ತಲೇ ಆಗಾಗ ದಾರಿ ನೋಡುತ್ತಾರೆ. ಆ ಕಲ್ಲು ಎತ್ತಲು ಇಬ್ಬರು ಬರಬೇಕು. ಬರುತ್ತಾರೋ ಇಲ್ಲವೋ ಎಂಬುದೇ ಅವರ ಆತಂಕ.

ಅರವತ್ತು ದಾಟಿದ ಇನ್ನಾಸಪ್ಪನವರದು ಕಲ್ಲುಕಟ್ಟಡದ ಕೆಲಸ. ಪಾಯ, ಕಾಂಪೌಂಡು, ಮೆಟ್ಟಿಲು, ಸುತ್ತಮುತ್ತ ಅವರ ಕೈ ಸೋಕದ ಗೋಡೆ ಕಡಿಮೆ. ಅವರ ಹೆಸರು ಗೊತ್ತಿರುವ ಮನೆಗಳು ಅದಕ್ಕಿಂತ ಕಡಿಮೆ. ಪಾದ್ರಿಗಳು ಬರಲಾಗದ ಭಾನುವಾರ ಚರ್ಚಿನಲ್ಲಿ ಬೈಬಲ್ ಓದಿ ನಾಲ್ಕು ಮಾತು ಹೇಳುವವರೂ ಅವರೇ. ಅವರ ಅಚ್ಚುಮೆಚ್ಚಿನವನು ನೆಹೆಮೀಯ, ಪಾಳುಬಿದ್ದ ಜೆರುಸಲೇಮಿನ ಗೋಡೆಯನ್ನು ಜನರನ್ನು ಸೇರಿಸಿಕೊಂಡು ಮತ್ತೆ ಎಬ್ಬಿಸಿದ ಮುಂದಾಳು. ಗೋಡೆ ಕಟ್ಟುವವರಿಗೆ ಗೋಡೆ ಕಟ್ಟಿದವನೇ ಇಷ್ಟವಾಗುವುದು ಸಹಜ ಬಿಡಿ.

"ಆವಯ್ಯ ಊರಿಗೆ ಬಂದೇಟ್ಗೆ ಭಾಷಣ ಮಾಡ್ಲಿಲ್ಲ. ಮೊದ್ಲು ಬಿದ್ದಿದ್ ಗೋಡೆನ ಕಣ್ಣಾರೆ ನೋಡ್ಕಂಡ್ ಬಂದ. ಆಮೇಲೆ ಅವರವರ ಮನೆ ಮುಂದಿನ್ ಗೋಡೆ ಅವರವರೇ ಕಟ್ರಪ್ಪಾ ಅಂದ. ನಮ್ಗೂ ಅದೇ ಪಾಠ. ಪ್ರಾರ್ಥನೆನೂ ಮಾಡ್ಬೇಕು, ಕೈಗೆ ಹಾರೆನೂ ತಗಬೇಕು," ಎನ್ನುತ್ತಾರೆ ಇನ್ನಾಸಪ್ಪ.

ಹೋದ ವರ್ಷ ಸಮಾಧಿ ತೋಟದ ಹಳೇ ಗೋಡೆ ಕುಸಿದಾಗ ಅವರು ಆ ಪಾಠವನ್ನೇ ಹಿಡಿದರು. ಯಾರ ಹಿರಿಯರ ಸಮಾಧಿ ಎಲ್ಲಿದೆಯೋ ಅದರ ಎದುರಿನ ಗೋಡೆ ಆ ಮನೆಯವರದು. ಹೆಂಗಸರು ಕಲ್ಲು ಹೊತ್ತರು, ಮುದುಕರು ಸಂದಿಗೆ ತುಂಬುವ ಚಕ್ಕೆ ಆರಿಸಿದರು. ತೊಡಕಾದದ್ದು ಚೌರಪ್ಪ, ಅಂತೋಣಿ ಎಂಬ ಅಣ್ಣತಮ್ಮಂದಿರದು. ಬೋರ್‌ವೆಲ್ ನೀರಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರೂ ಅಪ್ಪನ ಸಮಾಧಿಯ ಎದುರಿನ ಗೋಡೆಯನ್ನೂ ಭಾಗ ಮಾಡಿಕೊಂಡರು. ಅಣ್ಣ ಬೆಳಿಗ್ಗೆ ಬಂದು ತನ್ನ ಅರ್ಧ ಕಟ್ಟಿದ, ತಮ್ಮ ಸಂಜೆ ಬಂದು ತನ್ನ ಅರ್ಧ. ಒಬ್ಬನ ಕಲ್ಲು ಇನ್ನೊಬ್ಬನ ಪಾಲಿಗೆ ಒಂದು ಬೆರಳೂ ದಾಟಲಿಲ್ಲ. ನಡುವೆ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಬಿರುಕು!

"ನಂಗೆ ಕಾಣ್ನಿಲ್ವಾ? ಕಾಣ್ತು. ಇಬ್ರೂ ಇಲ್ಲಿಗಂಟ ಬಂದವ್ರಲ್ಲ, ಅಷ್ಟೇ ಸಾಕು ಅಂತ ಸುಮ್ಕಾಗ್ಬುಟ್ಟೆ," ಎನ್ನುತ್ತಾರೆ ಇನ್ನಾಸಪ್ಪ.

ಮಳೆ ಸುಮ್ಮನಿರಲಿಲ್ಲ. ಈ ಮುಂಗಾರಿಗೆ ಗೋಡೆ ಅದೇ ಬಿರುಕಿನಲ್ಲಿ ಬಾಯಿಬಿಟ್ಟು ಅವರಪ್ಪನ ಸಮಾಧಿಯ ಮೇಲೇ ಬಿತ್ತು. ಶಿಲುಬೆ ಮುರಿಯಿತು. ಇನ್ನಾಸಪ್ಪನವರಿಗೆ ಆ ದಿನ ಊಟ ಸೇರಲಿಲ್ಲ.

ನಿನ್ನೆ ಭಾನುವಾರ ಚರ್ಚಿನಲ್ಲಿ ಎಲ್ಲರ ಎದುರೇ ಹೇಳಿದರು: "ನಾನು ಪಾಠನ ಅರ್ಧಕ್ಕೇ ನಿಲ್ಸಿದ್ದೆ. ನಮ್ ಪಾಲಿನ್ ಗೋಡೆ ಕಟ್ಟುದ್ರೆ ಸಾಲ್ದು, ಪಕ್ಕದವರ ಗೋಡೆಗೆ ಕಲ್ಲು ಕಚ್ಚುಸ್ಬೇಕು. ನಾಳೆ ಕೋಳಿ ಕೂಗೋ ಹೊತ್ಗೆ ಅಲ್ಲಿರ್ತೀನಿ. ಅಣ್ಣತಮ್ದೀರು ಇಬ್ರೂ ಬನ್ನಿ."

ಬಿಸಿಲು ಮೂಡುವ ಹೊತ್ತಿಗೆ ಚೌರಪ್ಪ ಬರುತ್ತಾನೆ, ಮುಖ ಗಂಟು ಹಾಕಿಕೊಂಡು. ಬಹಳ ಹೊತ್ತಿನ ಮೇಲೆ ಅಂತೋಣಿ. ಇನ್ನಾಸಪ್ಪ ಉದ್ದ ಕಲ್ಲಿನ ಎರಡು ತುದಿ ತೋರಿಸುತ್ತಾರೆ. ಇಬ್ಬರೂ ಬಗ್ಗುತ್ತಾರೆ. ಅರ್ಧ ಎದ್ದ ಕಲ್ಲು ತಮ್ಮನ ಕಡೆ ವಾಲುತ್ತದೆ.

"ನಿನ್ ಕಡೆ ಒಸಿ ಎತ್ಲಾ. ಬೆರಳು ಜ್ವಾಪಾನ," ಎಂದುಬಿಡುತ್ತಾನೆ ಚೌರಪ್ಪ.

"ಹೂಂ ಕಣಣ್ಣ."

ಕಲ್ಲು ಅಡ್ಡಲಾಗಿ ಕೂರುತ್ತದೆ, ಅರ್ಧ ಅಣ್ಣನ ಪಾಲಿನೊಳಗೆ, ಅರ್ಧ ತಮ್ಮನ ಪಾಲಿನೊಳಗೆ. ಇನ್ನಾಸಪ್ಪ ಆ ಕಡೆ ತಿರುಗಿ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಆಕಾಶ ನೋಡುತ್ತಾರೆ.

"ಒಂದ್ ಜೋರು ಮಳೆ ಬರ್ಲಿ. ಈಗ ನಂಗೆ ಭಯ ಇಲ್ಲ."