ಕೆರೆಯ ದಂಡೆಯಲ್ಲಿ ಹಾರಿದ ಮುಚ್ಚಳ

ನಾನು ನಿಂತಿದ್ದದ್ದು ಕೆರೆಯ ಮೂಡು ದಂಡೆಯಲ್ಲಿ, ನೀರಿನಿಂದ ನಾಲ್ಕು ಹೆಜ್ಜೆ ಈಚೆ. ಎಡಕ್ಕೆ ಚಹಾದ ಗುಡಿಸಲು, ಎದುರಿಗೆ ಗುಡ್ಡದ ನೆತ್ತಿ. ಸೆಪ್ಟೆಂಬರ್ ಕೊನೆಯ ಒಂದು ಮಂಗಳವಾರ. ಕೈಗಡಿಯಾರದಲ್ಲಿ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅದನ್ನು ನೋಡಿ, ಬಗ್ಗಿ, ಹಿಟ್ಟಿನ ಡಬ್ಬಿಯ ಹಗ್ಗಕ್ಕೆ ಕೈಹಾಕಿದೆ.

ಅದಕ್ಕೆ ಮೊದಲಿನದನ್ನು ಹೇಳಬೇಕು. ನಾನು ವಿಲೆ ಪಾರ್ಲೆಯ ಒಂದು ಉಡುಪಿ ಹೊಟೇಲಿನಲ್ಲಿ ಪಾರ್ಸೆಲ್ ಕಟ್ಟುವವನು. ಅಂದು ಪೆಸ್ಟ್ ಕಂಟ್ರೋಲ್ ಎಂದು ಹೊಟೇಲಿಗೆ ರಜೆ. ನಮ್ಮ ಅಡುಗೆ ಭಟ್ಟರು ಇನ್ನೆಂಟು ದಿನಕ್ಕೆ ಕೆಲಸ ಬಿಟ್ಟು ಊರಿಗೆ ಹೊರಡುವವರಿದ್ದರು. ಹೋಗುವ ಮೊದಲು ಅವರಿಗೊಂದು ಆಸೆ.

"ಮೂವತ್ತೊಂದು ವರ್ಷ ಇಡ್ಲಿ ಬೇಯಿಸಿದೆ ಮಾರಾಯ. ಒಂದನ್ನಾದ್ರೂ ಬಿಸಿ ಇರುವಾಗ ಕೂತು ತಿಂದದ್ದಿಲ್ಲ. ನಮ್ಮ ಪಾಲಿಗೆ ಬರುವಾಗ ಅದು ತಣ್ಣಗೆ. ಒಮ್ಮೆ ಈ ಹೊಟೇಲಿನದ್ದೇ ಹಿಟ್ಟಲ್ಲಿ, ಎಲ್ಲಿಯಾದ್ರೂ ನೀರಿನ ಬದಿಯಲ್ಲಿ ಕೂತು, ಹಬೆ ಹೋಗುವ ಮೊದ್ಲು ತಿನ್ಬೇಕು."

ವಿಜಯಪುರದ ಕಡೆಯ ನಮ್ಮ ವೇಟರ್ ಕೂಡಲೇ ದಾರಿ ತೋರಿಸಿದ. "ಕರ್ಜತ್ ದಾಟಿದ್ರ ಗುಡ್ಡದ ಮ್ಯಾಲ ಒಂದ್ ಕೆರಿ ಐತ್ರೀ ಭಟ್ರ. ಎರಡ್ ತಾಸಿನ ಹಾದಿ. ನಾ ಕರ್ಕೊಂಡ್ ಹೋಗ್ತೀನಿ."

ಬೆಳಿಗ್ಗೆ ಭಟ್ಟರು ಸ್ಟೀಲಿನ ಡಬ್ಬಿಗೆ ಹಿಟ್ಟು ಹಾಕಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟರು. "ಮುಚ್ಚಳ ಸಡಿಲ ಇರ್ಲಿ," ಎಂದು ನನಗೇ ಹೇಳಿ ಸ್ನಾನಕ್ಕೆ ಹೋದರು. ನಾನು ಕೇಳಿಸಿಕೊಂಡೆ, ಕೇಳಲಿಲ್ಲ ಎನ್ನಲಾರೆ. ಆದರೆ ಮುಂದೆ ದಾದರಿನ ನೂಕುನುಗ್ಗಲಿನಲ್ಲಿ ಲೋಕಲ್ ರೈಲು ಬದಲಾಯಿಸುವುದಿತ್ತು. ನನ್ನ ಕೈಯ ಸಾಂಬಾರ್ ಪಾರ್ಸೆಲ್ ಪವಾಯಿಯವರೆಗೆ ಬೈಕಿನಲ್ಲಿ ಹೋದರೂ ಒಂದು ಹನಿ ಸೋರಿದ್ದಿಲ್ಲ. ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಕಿದೆ, ಮುಚ್ಚಳ ಒತ್ತಿ ಕೂರಿಸಿದೆ, ಸುತ್ತಲೂ ಹಗ್ಗ ಬಿಗಿದೆ. ಒಟ್ಟು ಏಳು ಗಂಟು. ಅದನ್ನು ಚೀಲದಲ್ಲಿಟ್ಟು ಬೆನ್ನಿಗೆ ಹಾಕಿಕೊಂಡೆ; ಇಡ್ಲಿ ಪಾತ್ರೆ, ಚಟ್ನಿ ವೇಟರ್‌ನ ಚೀಲಕ್ಕೆ.

ರೈಲಿಳಿದ ಮೇಲಿನ ಎರಡು ತಾಸಿನ ಕಾಲುಹಾದಿ ಭಟ್ಟರ ಮೊಣಕಾಲಿನಿಂದಾಗಿ ಎರಡೂವರೆಯಾಯಿತು. ಆದರೂ ಅಷ್ಟು ಖುಷಿಯಲ್ಲಿ ಅವರನ್ನು ನಾನು ಕಂಡಿರಲಿಲ್ಲ. ಹಳದಿ ಹೂ ಕಂಡಲ್ಲೆಲ್ಲ ನಿಲ್ಲುತ್ತಿದ್ದರು, ತೊರೆ ಸಿಕ್ಕಿದಲ್ಲೆಲ್ಲ ಮುಖ ತೊಳೆಯುತ್ತಿದ್ದರು. ಕೊನೆಯ ಏರು ಹತ್ತಿದಾಗ ನೆತ್ತಿಯಿಂದ ಮಂಜು ಸರಿದು ಕೆಳಗೆ ಕೆರೆ ಕಂಡಿತು. ಗುಡ್ಡಗಳ ನಡುವೆ, ಅಲುಗಾಡದ ನೀರು.

"ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಉಂಟಲ್ಲ!" ಎಂದರು ಭಟ್ಟರು.

"ಇಲ್ಲೀನೂ ಅಡಗಿಮನೀನ ಕಂಡ್ರಿ ನೋಡ್ರಿ," ಎಂದ ವೇಟರ್.

ಗುಡಿಸಲಿನ ಮುದುಕಿ ತನ್ನ ಒಲೆ ಬಿಟ್ಟುಕೊಟ್ಟಳು. ಭಟ್ಟರು ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, "ಹಿಟ್ಟು ತಾ," ಎಂದು ಕೂಗಿದರು. ಚೀಲದಿಂದ ಡಬ್ಬಿ ತೆಗೆದಾಗ ಅದರ ಮುಚ್ಚಳ ಉಬ್ಬಿತ್ತು. ಆರು ಗಂಟು ಬಿಚ್ಚಿದೆ. ಏಳನೆಯದು ತಾನಾಗಿಯೇ ಬಿಚ್ಚಿಕೊಂಡಿತು.

ಸದ್ದು ಗುಡ್ಡಕ್ಕೆ ಬಡಿದು ಎರಡು ಸಲ ವಾಪಸು ಬಂತು. ಮುಚ್ಚಳ ನನ್ನ ಬಲಗಿವಿಯ ಪಕ್ಕದಿಂದ ಹೋಯಿತು. ಗಾಳಿ ತಾಗಿದ್ದು ಈಗಲೂ ನೆನಪಿದೆ. ಅದು ಕೆರೆಗೆ ಬಿದ್ದು ಮುಳುಗಿತು. ನನ್ನ ಮುಖ, ಅಂಗಿ, ಹುಲ್ಲು, ಎಲ್ಲ ಬಿಳಿ.

"ಅರೇ ದೇವಾ! ಕಾಯ್ ಝಾಲಂ?" ಏನಾಯಿತೆಂದು ಮುದುಕಿ ಓಡಿ ಬಂದಳು.

"ಏನಿಲ್ಲ ಆಯಿ, ಪಾರ್ಸಲ್ ಬಂತು," ಎಂದ ವೇಟರ್.

ಭಟ್ಟರು ಮೊದಲು ನನ್ನ ಕಿವಿ ನೋಡಿದರು, ಆಮೇಲೆ ಹಗ್ಗ ನೋಡಿದರು. "ಇದು ಗಂಟಾ, ನೇಣಾ? ಹಿಟ್ಟಿಗೂ ಉಸಿರು ಬೇಕು ಮಾರಾಯ!" ನಾನು ತಪ್ಪಾಯಿತೆಂದೆ. ಅವರು ಡಬ್ಬಿಯೊಳಗೆ ಇಣುಕಿದರು. ಆ ಹೊತ್ತು ನಮ್ಮಲ್ಲಿ ಯಾರೂ ನಗಲಿಲ್ಲ. ಮತ್ತೊಂದು ಪೆಸ್ಟ್ ಕಂಟ್ರೋಲ್ ರಜೆ ಎಂಟು ದಿನದೊಳಗೆ ಬರುವುದಿಲ್ಲ.

"ಎರಡು ಸೌಟು ಉಂಟು," ಎಂದರು. "ನಾಲ್ಕು ಇಡ್ಲಿ. ನಾವೂ ನಾಲ್ಕು ಜನ. ಸರಿಯಾಯ್ತು."

ಅವರ ಅಭ್ಯಾಸ ನಮಗೆ ಗೊತ್ತು; ಬಡಿಸಲು ನಿಂತರೆ ತಾವು ಕೊನೆಗೆ. ಇಡ್ಲಿ ಬೇಯುತ್ತಿದ್ದಂತೆ ವೇಟರ್ ಅವರ ತೋಳು ಹಿಡಿದು ನೀರಿನ ಪಕ್ಕದ ಬಂಡೆಯ ಮೇಲೆ ಕೂರಿಸಿದ. "ಇವತ್ತ ನೀವು ಗಿರಾಕಿ. ಎದ್ರ ನೋಡ್ರಿ ಮತ್ತ." ಹೆಗಲಿಗೆ ಟವೆಲ್ ಹಾಕಿ, ಹೊಟೇಲಿನಲ್ಲಿ ಕೂಗುವಂತೆಯೇ ಒಲೆಯ ಕಡೆಗೆ ಕೂಗಿದ: "ಏಕ್ ಇಡ್ಲಿ ಗರಂ!"

ಒಲೆಯ ಬಳಿ ಇದ್ದವನು ನಾನು. ಇಡ್ಲಿಯನ್ನು ತಟ್ಟೆಗೆ ಎಬ್ಬಿಸಿ, ಚಟ್ನಿ ಹಾಕಿ ಒಯ್ದುಕೊಟ್ಟೆ. ಹಬೆ ಏಳುತ್ತಿತ್ತು. ಭಟ್ಟರು ಮುರಿದರು, ಬೆರಳು ಸುಟ್ಟುಕೊಂಡರು, ಊದಿದರು, ತಿಂದರು. ಕಣ್ಣು ಕೆರೆಯ ಮೇಲಿತ್ತು. ಎರಡನೆಯದನ್ನೂ ತಾವೇ ಕೂಗಿ ತರಿಸಿದರು. ಮೂರು, ನಾಲ್ಕು.

"ಹೆಂಗಾಗೇತ್ರಿ?" ಎಂದ ವೇಟರ್.

"ಉಪ್ಪು ಒಂಚೂರು ಕಮ್ಮಿ," ಎಂದರು ಭಟ್ಟರು. "ಭಟ್ಟನಿಗೆ ಹೇಳಿ."

ನಾವು ಮೂವರು ಮುದುಕಿ ತಟ್ಟಿದ ಭಾಕ್ರಿ, ಹಸಿಮೆಣಸಿನ ಚಟ್ನಿ ತಿಂದೆವು.

ಇದನ್ನು ನನ್ನ ಹೊರತು ಕಂಡವರು ಮೂವರು, ಮೂವರೂ ಬದುಕಿದ್ದಾರೆ. ವೇಟರ್ ಈಗ ಜೋಗೇಶ್ವರಿಯಲ್ಲಿ ಸ್ವಂತ ವಡಾಪಾವ್ ಗಾಡಿ ಇಟ್ಟಿದ್ದಾನೆ. ಕೇಳಿದವರಿಗೆಲ್ಲ ಮುಚ್ಚಳ ಕೆರೆ ದಾಟಿತೆನ್ನುತ್ತಾನೆ, ನಂಬಬೇಡಿ. ಮುದುಕಿ ಹೋದ ಮಳೆಗಾಲದಲ್ಲೂ ಅದೇ ಗುಡಿಸಲಿನಲ್ಲಿ ಚಹಾ ಕೊಟ್ಟಳು. ಭಟ್ಟರು ಉಡುಪಿಯ ಹತ್ತಿರ ತಮ್ಮ ಮನೆಯಲ್ಲಿದ್ದಾರೆ. ಫೋನಿನಲ್ಲಿ ಅವರ ಹೆಂಡತಿ ಹೇಳಿದರು, ಈಗಲೂ ಮನೆಯ ಇಡ್ಲಿ ಬೇಯಿಸುವುದು ಭಟ್ಟರೇ. ಆದರೆ ಮೊದಲ ತಟ್ಟೆ ಹಿಡಿದು ಕೂತರೆ, ಅದು ಮುಗಿಯುವವರೆಗೆ ಯಾರು ಕರೆದರೂ ಏಳುವುದಿಲ್ಲವಂತೆ.