ಸ್ವಿಚ್ಚಿಗೆ ಕಡ್ಡಿ ಗೀರುವ ಸಾಬರು

ವಿನೋಬನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಜಮ್ಶೀದ್ ಸಾಬರಿಗೆ ಬೆಂಕಿ ತಾಗಿಸಿ ನೋಡದೆ ಯಾವ ಮಾಲನ್ನೂ ಮಾರಿ ಗೊತ್ತಿಲ್ಲ. ಕಂಪನಿಯವರು ಹೊಸ ಸ್ವಿಚ್ಚು ತಂದರೆ, ಚಹಾ ತರಿಸುವ ಮೊದಲೇ ಕಡ್ಡಿ ಗೀರುತ್ತಿದ್ದರು. ಕಡ್ಡಿ ತೆಗೆದೊಡನೆ ಉರಿ ನಂದಿದರೆ ಮಾಲು ಒಳಗೆ. ಪ್ಲಾಸ್ಟಿಕ್ಕು ಉರಿಯುತ್ತಲೇ ಕರಗಿ ತೊಟ್ಟಿಕ್ಕಿದರೆ ಮಾಲೂ ತಂದವನೂ ಹೊರಗೆ. ಮಗಳಿಗೆ ಗಂಡು ನೋಡಲು ಭದ್ರಾವತಿಯ ನ್ಯೂ ಟೌನಿಗೆ ಹೋದಾಗ, ಎಲ್ಲರೂ ಹುಡುಗನನ್ನು ನೋಡುತ್ತಿದ್ದರೆ ಇವರು ಫ್ರಿಜ್ಜಿನ ಪ್ಲಗ್ಗು ಕಿತ್ತು ಮೂಸುತ್ತಿದ್ದರಂತೆ. "ಗಿರಾಕಿಗಳೇ ಕೇಳಲ್ಲ, ನಿಮಗ್ಯಾಕೆ ಸಾಬ್ರೇ ಈ ಉಸಾಬರಿ?" ಎಂದು ಸೇಲ್ಸ್‌ಮನ್ ಕಾಂತರಾಜ್ ಒಮ್ಮೆ ರೇಗಿದ. "ಇವತ್ತು ಶುಕ್ರವಾರ ಮಾರಾಯ, ಅಕ್ಕನ ಮನೆಗೆ ಹೋಗ್ಬೇಕು" ಎಂದಷ್ಟೇ ಹೇಳಿ ಸಾಬರು ಅಂಗಡಿ ಬಾಗಿಲೆಳೆದರು. ಹೊಳೆಹೊನ್ನೂರಿನಲ್ಲಿ ಸ್ವಿಚ್‌ಬೋರ್ಡು ಹೊತ್ತಿಕೊಂಡು ಮನೆ ಉರಿದಾಗ ಅಕ್ಕನ ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಹೋಗಿದ್ದವು. ಅಂದಿನಿಂದ ವಾರವಾರ ಅವಳ ತಲೆ ಬಾಚಿ ಜಡೆ ಹೆಣೆಯುವುದು ಈ ತಮ್ಮನೇ.